ಆಚಾರ್ರ ಕೈಯಲ್ಲಿ ಮಾಡಿಸಿದ ಉಂಗುರಕ್ಕೆ ವಿಮೆ: ಬೆಲೆ ಸರಿಯಾಗಿ ಬರೆಸುವುದು ಹೇಗೆ?

ಅಂಗಡಿಯಲ್ಲಿ ರೆಡಿ ಸಿಕ್ಕಿದ್ದನ್ನು ಕೊಳ್ಳದೆ, ಆಚಾರ್ರ (ಅಕ್ಕಸಾಲಿಗರ) ಹತ್ತಿರ ಕೂತು ಹೇಳಿ ಮಾಡಿಸಿದ ಒಡವೆ ಇರುವ ಮನೆಗಳು ಕೊಡಗಿನಲ್ಲಿ ಈಗಲೂ ಎಷ್ಟೋ ಇವೆ. ಜೋಮಾಲೆ, ಪತ್ತಾಕ್, ಕೊಕ್ಕೆತಾತಿಯಂಥ ಕೊರಳ ಒಡವೆ ಅಂದರೆ ಎಲ್ಲರೂ ಜೋಪಾನ ಮಾಡುತ್ತಾರೆ. ಮದುವೆ ಮುಗಿದ ಕೂಡಲೇ ಅವು ಲಾಕರ್ ಸೇರುತ್ತವೆ. ಉಂಗುರ ಹಾಗಲ್ಲ. ಅದು ದಿನಾ ಬೆರಳಲ್ಲಿರುತ್ತದೆ. ಹಿಟ್ಟು ನಾದುವಾಗ ಕಿಟಕಿ ಪಕ್ಕ ಬಿಚ್ಚಿಡುತ್ತೇವೆ, ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಎಲ್ಲಿಟ್ಟೆವೆಂದು ಮರೆಯುತ್ತೇವೆ. ಕಳೆದುಹೋಗುವ ಸಾಧ್ಯತೆ ಜಾಸ್ತಿ ಇರುವುದು ಇದೇ ಒಡವೆ. ಕಾಗದಪತ್ರ ಕಡಿಮೆ ಇರುವುದೂ ಇದಕ್ಕೇ.

ವಿಮೆ ಮಾಡಿಸೋಣ ಅಂತ ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ: ಇದರ ಬೆಲೆ ಎಷ್ಟು? ಬಿಲ್ ಇಲ್ಲ, ಹಾಲ್‌ಮಾರ್ಕ್ ಇಲ್ಲ. ಅಜ್ಜನ ಕಾಲದ ಒಂದು ಚೀಟಿ ಇದ್ದರೆ ಅದರಲ್ಲಿ ತೂಕ ಮಾತ್ರ ಇರುತ್ತದೆ, ಅದೂ ತೊಲದಲ್ಲೋ ಪವನ್‌ನಲ್ಲೋ. ಒಂದು ಪವನ್ ಅಂದರೆ 8 ಗ್ರಾಂ, ಒಂದು ತೊಲ ಅಂದರೆ 11.66 ಗ್ರಾಂ. ಎರಡನ್ನೂ ಅದಲುಬದಲು ಮಾಡಿಕೊಂಡರೆ ಲೆಕ್ಕವೇ ತಪ್ಪುತ್ತದೆ.

ವಿಮೆಗೆ ಬರೆಸುವ ಕಾಗದದ ಕೆಲಸ ಒಂದೇ. ನಾಳೆ ಉಂಗುರ ಇಲ್ಲವಾದರೆ, ಅದನ್ನು ಒಮ್ಮೆಯೂ ನೋಡದ ಇನ್ನೊಬ್ಬ ಅಕ್ಕಸಾಲಿಗ ಆ ಕಾಗದ ಓದಿ ಅಂಥದ್ದೇ ಉಂಗುರ ಮಾಡಿಕೊಡುವಂತಿರಬೇಕು. ಅದಕ್ಕೆ ಎಷ್ಟು ಖರ್ಚಾಗುತ್ತದೆ ಅನ್ನುವುದೂ ಅದರಲ್ಲೇ ಇರಬೇಕು. ಮುಂದೆ ಹೇಳುವ ಎಲ್ಲವೂ ಇದಕ್ಕಾಗಿಯೇ.

ಮೊದಲು ವಿಮಾ ಕಂಪನಿಯನ್ನು ಕೇಳಿ

ಹೆಚ್ಚಿನವರು ಮೊದಲು ಬೆಲೆ ಕಟ್ಟಿಸಿ, ಆಮೇಲೆ ಏಜೆಂಟರನ್ನು ಹುಡುಕುತ್ತಾರೆ. ಉಲ್ಟಾ ಮಾಡಿ. ಯಾವ ಕಾಗದ ಬೇಕು, ಯಾರು ಬರೆದದ್ದು ನಡೆಯುತ್ತದೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಕೆಲವರು ಸರ್ಕಾರಿ ನೋಂದಣಿ ಇರುವ ಮೌಲ್ಯಮಾಪಕರ ಸರ್ಟಿಫಿಕೇಟೇ ಬೇಕು ಅನ್ನುತ್ತಾರೆ. ಕೆಲವರಿಗೆ ಆಭರಣದ ಅಂಗಡಿಯ ಲೆಟರ್‌ಹೆಡ್‌ನಲ್ಲಿ ಬರೆದದ್ದು ಸಾಕು.

2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಮನೆ ಪಾಲಿಸಿ ಕೊಡುತ್ತಿವೆ. ಬೆಂಕಿ, ಪ್ರವಾಹ, ಭೂಕಂಪದ ಜೊತೆಗೆ ಭೂಕುಸಿತವೂ ಅದರಲ್ಲಿ ಸೇರಿದೆ. 2018ರ ಆಗಸ್ಟ್ ತಿಂಗಳ ಭೂಕುಸಿತ ನೋಡಿದ ನಮ್ಮ ಜಿಲ್ಲೆಯವರಿಗೆ ಆ ಒಂದು ಪದದ ಬೆಲೆ ಗೊತ್ತು. ಮಕ್ಕಂದೂರು, ಜೋಡುಪಾಲದ ಕಡೆ ಮನೆ ಬಿಟ್ಟು ಉಟ್ಟ ಬಟ್ಟೆಯಲ್ಲಿ ಓಡಿದವರಲ್ಲಿ ಬೀರುವಿನ ಬೀಗ ತೆಗೆಯಲು ಯಾರಿಗೆ ಸಮಯವಿತ್ತು?

ಆದರೆ ಎರಡು ವಿಷಯ ಗಮನಿಸಿ. ಒಡವೆ ಈ ಪಾಲಿಸಿಯಲ್ಲಿ ತಾನಾಗಿ ಸೇರುವುದಿಲ್ಲ. ಬೆಲೆಬಾಳುವ ವಸ್ತುಗಳ ಐಚ್ಛಿಕ ರಕ್ಷಣೆ ಅಂತ ಬೇರೆಯಾಗಿ ಕೇಳಿ, ಹಣ ಕಟ್ಟಿ ಸೇರಿಸಬೇಕು. ಎರಡನೆಯದು ಕಳ್ಳತನ. ಮನೆಗೆ ಪ್ರವಾಹ, ಬೆಂಕಿಯಂಥ ಅನಾಹುತವಾಗಿ, ಅದಾದ 7 ದಿನದೊಳಗೆ ಕಳ್ಳತನವಾದರೆ ಮಾತ್ರ ಮೂಲ ಪಾಲಿಸಿಯಲ್ಲಿ ಹಣ ಬರುತ್ತದೆ. ಸುಮ್ನೆ ಒಂದು ರಾತ್ರಿ ಬೀಗ ಒಡೆದು ಕದ್ದರೆ ಬರುವುದಿಲ್ಲ. ಅದಕ್ಕೆ ಕಳವಿನ ರಕ್ಷಣೆ ಇರುವ ಪಾಲಿಸಿ ಬೇರೆ ನೋಡಬೇಕು, ಇಲ್ಲವೇ ಒಡವೆಗೆ 'ಆಲ್ ರಿಸ್ಕ್', ಅಂದರೆ ಹೆಚ್ಚಿನ ಎಲ್ಲ ಬಗೆಯ ನಷ್ಟಕ್ಕೂ, ರಕ್ಷಣೆ ಕೊಡುವ ಪಾಲಿಸಿ ತೆಗೆದುಕೊಳ್ಳಬೇಕು.

ಈ ಪಾಲಿಸಿಯ ಐಚ್ಛಿಕ ಭಾಗದಲ್ಲಿ ಇನ್ನೊಂದು ರಿಯಾಯಿತಿ ಇದೆ. ಒಟ್ಟು ವಿಮೆ ಮೊತ್ತ 5 ಲಕ್ಷದೊಳಗಿದ್ದು, ಒಂದೊಂದು ಒಡವೆಯ ಬೆಲೆ 1 ಲಕ್ಷ ಮೀರದಿದ್ದರೆ ಮೌಲ್ಯಮಾಪನದ ಸರ್ಟಿಫಿಕೇಟ್ ಕೇಳುವುದಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಈಗಿನ ಚಿನ್ನದ ರೇಟಿಗೆ ಒಂದು ಪವನ್‌ಗಿಂತ ತುಸು ಜಾಸ್ತಿ ತೂಕದ, ಹರಳಿರುವ ಕೈಕೆಲಸದ ಉಂಗುರ ಆ ಗೆರೆ ದಾಟಿಬಿಡುತ್ತದೆ. ದಾಟದಿದ್ದರೂ ಬರೆಸಿಟ್ಟುಕೊಳ್ಳುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಸರ್ಟಿಫಿಕೇಟ್ ಬೇಡ ಅನ್ನುವುದು ಪಾಲಿಸಿ ಕೊಡುವಾಗಿನ ಮಾತು. ಕ್ಲೈಮ್ ಮಾಡುವ ದಿನ ನಿಮ್ಮ ಹತ್ತಿರ ಇಂಥದ್ದೊಂದು ಉಂಗುರ ಇತ್ತು ಅಂತ ತೋರಿಸಬೇಕಾದವರು ನೀವೇ.

ಏಜೆಂಟರ ಹತ್ತಿರ ಈ ನಾಲ್ಕು ಪ್ರಶ್ನೆ ಕೇಳಿ. ಉತ್ತರವನ್ನು ಈಮೇಲ್‌ನಲ್ಲಿ ತರಿಸಿಕೊಳ್ಳಿ, ಬಾಯಿಮಾತು ಬೇಡ.

- ಮಜೂರಿ ಮತ್ತು ಜಿಎಸ್‌ಟಿ ಸೇರಿಸಿ ಕೊಡುತ್ತೀರಾ, ಬರೀ ಚಿನ್ನದ ಬೆಲೆ ಕೊಡುತ್ತೀರಾ?
- ಮೊದಲೇ ಒಪ್ಪಿಕೊಂಡ ಬೆಲೆ ಕೊಡುತ್ತೀರಾ, ಉಂಗುರ ಕಳೆದುಹೋದ ದಿನದ ಮಾರುಕಟ್ಟೆ ಬೆಲೆಯಾ?
- ಉಂಗುರ ಮನೆಯಲ್ಲಿದ್ದಾಗ ಮಾತ್ರವಾ, ಹಾಕಿಕೊಂಡು ಹೊರಗೆ ಹೋದಾಗಲೂ ರಕ್ಷಣೆ ಇದೆಯಾ? ಜಾರಿ ಬಿದ್ದು ಕಳೆದುಹೋದರೆ?
- ಮನೆ ಎಷ್ಟು ದಿನ ಖಾಲಿ ಇದ್ದರೆ ರಕ್ಷಣೆ ನಿಂತುಹೋಗುತ್ತದೆ?

ಕೊನೆಯ ಪ್ರಶ್ನೆಯನ್ನು ಕೊಡಗಿನವರು ಬಿಡಲೇಬಾರದು. ಮಕ್ಕಳು ಬೆಂಗಳೂರಿನಲ್ಲಿದ್ದು, ಹಿರಿಯರು ಆಗಾಗ ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಉಳಿಯುವ ತೋಟದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮನೆ ಇಷ್ಟು ದಿನಕ್ಕಿಂತ ಹೆಚ್ಚು ಖಾಲಿ ಬಿದ್ದಿದ್ದರೆ ಕಳವಿನ ಹಣ ಕೊಡುವುದಿಲ್ಲ ಅನ್ನುವ ಷರತ್ತು ಹಲವು ಪಾಲಿಸಿಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಅಡವಿನ ಬೆಲೆ, ಮಾರುವ ಬೆಲೆ, ಮಾಡಿಸುವ ಬೆಲೆ

ಒಂದೇ ಉಂಗುರಕ್ಕೆ ಮೂರು ಬೆಲೆ ಇದೆ. ಇದು ತಲೆಗೆ ಹೋಗದಿದ್ದರೆ ಎಷ್ಟು ದೊಡ್ಡ ಮೌಲ್ಯಮಾಪಕರ ಹತ್ತಿರ ಹೋದರೂ ಉಪಯೋಗವಿಲ್ಲ.

ಲೆಕ್ಕ ಸುಲಭವಾಗಲಿ ಅಂತ 22 ಕ್ಯಾರೆಟ್ ಚಿನ್ನ ಗ್ರಾಂಗೆ 10,000 ರೂಪಾಯಿ ಅಂದುಕೊಳ್ಳೋಣ. ಉಂಗುರದ ಒಟ್ಟು ತೂಕ 8.2 ಗ್ರಾಂ. ಅದರಲ್ಲಿ ಒಂದು ಕ್ಯಾರೆಟ್ ತೂಕದ ಕೆಂಪು ಹರಳಿದೆ. ಹರಳಿನ ಲೆಕ್ಕದಲ್ಲಿ ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ಹಾಗಾಗಿ ಚಿನ್ನದ ನಿವ್ವಳ ತೂಕ 8 ಗ್ರಾಂ, ಅದರ ಬೆಲೆ 80,000.

ಬ್ಯಾಂಕಿಗೆ ಅಡವಿಡಲು ಹೋದರೆ ಅಲ್ಲಿನ ಅಪ್ರೈಸರ್ ಈ 80,000ವನ್ನು ಮಾತ್ರ ನೋಡುತ್ತಾರೆ. ಹರಳು ಲೆಕ್ಕಕ್ಕಿಲ್ಲ, ಕೆಲಸ ಲೆಕ್ಕಕ್ಕಿಲ್ಲ. ಸಾಲವಾಗಿ ಸಿಗುವುದು ಅದರಲ್ಲೂ ಒಂದು ಪಾಲು. ಶೇ. 75 ಅಂದುಕೊಂಡರೆ 60,000. ಮಾರಲು ಹೋದರೆ ಕರಗಿಸುವ ನಷ್ಟ ಅಂತ ಒಂದಿಷ್ಟು ಕಳೆದು 80,000ಕ್ಕಿಂತ ಕಡಿಮೆ ಹೇಳುತ್ತಾರೆ.

ಇನ್ನು ಅದೇ ಉಂಗುರವನ್ನು ಹೊಸದಾಗಿ ಮಾಡಿಸಿ ನೋಡಿ. ಚಿನ್ನ 80,000. ಕೈಕೆಲಸದ ಮಜೂರಿ, ಸವಕಳಿ ಎಲ್ಲ ಸೇರಿ ಶೇ. 18 ಅಂದರೆ 14,400. ಹರಳಿಗೆ 6,000. ಒಟ್ಟು 1,00,400. ಅದರ ಮೇಲೆ ಶೇ. 3 ಜಿಎಸ್‌ಟಿ 3,012. ಕೊನೆಗೆ 1,03,412 ರೂಪಾಯಿ.

ಅಡವಿನ ಚೀಟಿಗೂ ಈ ಅಂಕಿಗೂ ಎಷ್ಟು ವ್ಯತ್ಯಾಸ ನೋಡಿದಿರಾ? ಕೈಯಲ್ಲಿ ಬೇರೇನೂ ಇಲ್ಲ ಅಂತ ಬ್ಯಾಂಕಿನ ಹಳೆಯ ಅಡವಿನ ಚೀಟಿಯನ್ನೇ ವಿಮೆಗೆ ಕೊಡುವವರಿದ್ದಾರೆ. ಉಂಗುರ ಇತ್ತು ಅನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ. ಜೋಪಾನವಾಗಿ ಇಟ್ಟುಕೊಳ್ಳಿ. ಆದರೆ ಬೆಲೆಗೆ ಅದನ್ನು ಆಧಾರ ಮಾಡಬೇಡಿ.

ಕಡಿಮೆ ಮೊತ್ತಕ್ಕೆ ವಿಮೆ ಮಾಡಿದರೆ ಪ್ರೀಮಿಯಂ ಉಳಿಯುತ್ತದಲ್ಲ ಅಂತ ಅನ್ನಿಸಬಹುದು. ಮಾರುಕಟ್ಟೆ ಬೆಲೆಯ ಪಾಲಿಸಿಗಳಲ್ಲಿ ಸರಾಸರಿ ಷರತ್ತು ಅಂತ ಒಂದಿದೆ. ಒಟ್ಟು 4 ಲಕ್ಷದ ಒಡವೆಗೆ 2 ಲಕ್ಷದ ವಿಮೆ ಮಾಡಿಸಿದ್ದು, ಅದರಲ್ಲಿ 1 ಲಕ್ಷದ ಉಂಗುರ ಕಳುವಾದರೆ, ಕೈಗೆ ಬರುವುದು 50,000. ಅರ್ಧ ವಿಮೆಗೆ ಅರ್ಧ ನಷ್ಟ. ಜಾಸ್ತಿ ಬರೆಸಿದರೂ ಲಾಭವಿಲ್ಲ. ಒಪ್ಪಿದ ಬೆಲೆಯ ಪಾಲಿಸಿ ಅಲ್ಲದಿದ್ದರೆ ನಿಜವಾದ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚು ಬರುವುದಿಲ್ಲ. ಕಟ್ಟಿದ ಪ್ರೀಮಿಯಂ ದಂಡ.

ಮನೆಯಲ್ಲೇ ಮಾಡಿಕೊಳ್ಳಬೇಕಾದ ತಯಾರಿ

ಲಾಕರ್‌ನಲ್ಲಿದ್ದರೆ ಪುತ್ತರಿ ಹಬ್ಬಕ್ಕೋ ಮದುವೆಗೋ ಒಡವೆ ಹೊರಬಂದಾಗಲೇ ಈ ಕೆಲಸ ಮುಗಿಸಿ. ಇದಕ್ಕಾಗಿಯೇ ಇನ್ನೊಮ್ಮೆ ಬ್ಯಾಂಕಿಗೆ ಹೋಗುವುದು ತಪ್ಪುತ್ತದೆ.

ಮೊದಲು ತೊಳೆಯಿರಿ. ವರ್ಷಗಟ್ಟಲೆ ಹಾಕಿಕೊಂಡ ಉಂಗುರದ ಹರಳಿನ ಅಡಿಯಲ್ಲಿ ಸೋಪು, ಹಿಟ್ಟು, ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಅದೂ ತೂಕಕ್ಕೆ ಬರುತ್ತದೆ, ಹರಳನ್ನೂ ಮಂಕಾಗಿ ಕಾಣಿಸುತ್ತದೆ. ಗಟ್ಟಿ ಚಿನ್ನದ ಉಂಗುರವಾದರೆ ಉಗುರುಬೆಚ್ಚಗಿನ ನೀರು, ಮೆತ್ತನೆಯ ಬ್ರಶ್ ಸಾಕು. ಹರಳಿನ ಹಿಂಭಾಗ ಪೂರ್ತಿ ಮುಚ್ಚಿರುವ ಹಳೆಯ ಉಂಗುರವಾದರೆ ನೀರಿಗೆ ಹಾಕಲೇಬೇಡಿ. ಅಂಥವುಗಳ ಒಳಗೆ ಹೊಳಪಿಗೆ ತೆಳ್ಳನೆಯ ತಗಡು ಇಟ್ಟಿರುತ್ತಾರೆ, ನೀರು ಇಳಿದರೆ ಅದು ಕಪ್ಪಾಗುತ್ತದೆ. ಒಳಗೆ ಅರಗು ತುಂಬಿದ್ದರೆ ಬಿಸಿಗೆ ಮೆತ್ತಗಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಅಷ್ಟೆ.

ಆಮೇಲೆ ಫೋಟೋ. ಮಳೆಗಾಲದಲ್ಲಿ ನಮ್ಮ ಮನೆಗಳ ಒಳಗೆ ಹಗಲಲ್ಲೂ ಬೆಳಕು ಸಾಲದು. ಜಗಲಿಗೆ ತನ್ನಿ, ಬಿಳಿ ಕಾಗದದ ಮೇಲಿಡಿ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಮೇಲಿನಿಂದ, ಎರಡು ಪಕ್ಕದಿಂದ, ಹಿಂದಿನಿಂದ ತೆಗೆಯಿರಿ. ಒಳಸುತ್ತಿನ ಫೋಟೋ ಮರೆಯಬೇಡಿ. ಹೆಸರು, ಇಸವಿ, ಅಕ್ಕಸಾಲಿಗರ ಗುರುತು ಇದ್ದರೆ ಅಲ್ಲೇ ಇರುವುದು. ಬೆರಳಿಗೆ ಹಾಕಿಕೊಂಡ ಒಂದು ಫೋಟೋವೂ ಇರಲಿ. ಮದುವೆ ಆಲ್ಬಮ್‌ನಲ್ಲಿ ಅದೇ ಉಂಗುರ ಕಾಣುವ ಚಿತ್ರ ಸಿಕ್ಕರೆ ಇನ್ನೂ ಒಳ್ಳೆಯದು. ಅದು ನಿಮ್ಮದೇ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ.

ಐನ್‌ಮನೆಯಿಂದ (ಕುಟುಂಬದ ಮೂಲ ಮನೆಯಿಂದ) ಬಂದ ಉಂಗುರವಾದರೆ ಈಗ ಅದು ಯಾರದ್ದು ಅನ್ನುವುದನ್ನು ಮನೆಯವರೆಲ್ಲ ಮೊದಲೇ ಒಪ್ಪಿಕೊಂಡು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪಾಲಿಸಿ ಒಬ್ಬರ ಹೆಸರಲ್ಲಿ, ಉಂಗುರ ಇನ್ನೊಬ್ಬರದ್ದು ಅಂತಾದರೆ ಕ್ಲೈಮ್ ಹೊತ್ತಿಗೆ ತಕರಾರು ಬರುತ್ತದೆ.

ಚಿನ್ನದ ಶುದ್ಧತೆ: ಇಲ್ಲೇ ನಿಧಾನವಾಗಿ ಹೋಗಿ

ಕೈಯಲ್ಲಿ ಮಾಡಿಸಿದ ಉಂಗುರದಲ್ಲಿ ಹಾಲ್‌ಮಾರ್ಕ್ ಇಲ್ಲ ಅಂದ ಮಾತ್ರಕ್ಕೆ ಮೋಸ ಅಂತ ತಿಳಿಯಬೇಡಿ. ವರ್ಷಕ್ಕೆ 40 ಲಕ್ಷದೊಳಗೆ ವಹಿವಾಟು ಮಾಡುವವರಿಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ನಮ್ಮೂರಿನ ಎಷ್ಟೋ ಅಕ್ಕಸಾಲಿಗರು ಆ ಲೆಕ್ಕದಲ್ಲೇ ಬರುತ್ತಾರೆ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೂ ವಿನಾಯಿತಿ ಇದೆ.

ಈಚೆಗೆ ಮಾಡಿಸಿದ್ದಾದರೆ ಒಳಸುತ್ತಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ತ್ರಿಕೋನದ ಗುರುತು, 22ಕೆ916 ಅನ್ನುವಂಥ ಶುದ್ಧತೆಯ ಅಂಕಿ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಯದ್ದೇ ಗುರುತಿನ ಸಂಖ್ಯೆ, ಇರಬಹುದು. 2021ರ ಜುಲೈನಿಂದ ಬಂದದ್ದು ಈ ಮೂರು ಗುರುತುಗಳ ಪದ್ಧತಿ. ಆ ಆರು ಅಕ್ಷರಗಳನ್ನು ಫೋನಿನ ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದರೆ ಯಾವ ವಸ್ತು, ಎಷ್ಟು ಶುದ್ಧತೆ, ಎಲ್ಲಿ ಪರೀಕ್ಷೆಯಾಯಿತು ಅನ್ನುವುದೆಲ್ಲ ಬರುತ್ತದೆ. ಆಪ್ ಉಂಗುರ ಅನ್ನದೆ ಬೇರೇನೋ ಅಂದರೆ ಅಲ್ಲೇ ನಿಲ್ಲಿ.

ಕೆಡಿಎಂ ಅಂತ ಮುದ್ರೆ ಇದೆ, ಹಾಗಾಗಿ ಚಿನ್ನ ಒಳ್ಳೆಯದು ಅನ್ನುವವರು ನಮ್ಮಲ್ಲಿ ಇನ್ನೂ ಬಹಳ. ಅದು ಶುದ್ಧತೆಯ ಗುರುತೇ ಅಲ್ಲ. ಕ್ಯಾಡ್ಮಿಯಂ ಸೇರಿಸಿದ ಬೆಸುಗೆ ಹಾಕಿದ್ದಾರೆ ಅಂತ ಅದರ ಅರ್ಥ. ಆ ಹೊಗೆ ಕೆಲಸ ಮಾಡುವವರ ಆರೋಗ್ಯ ಹಾಳು ಮಾಡುತ್ತದೆ ಅಂತ ಬಿಐಎಸ್ ಅದನ್ನು ಒಪ್ಪುವುದಿಲ್ಲ. ಸರ್ಟಿಫಿಕೇಟ್‌ನಲ್ಲಿ ಶುದ್ಧತೆ ಅನ್ನುವ ಕಡೆ ಕೆಡಿಎಂ ಅಂತ ಬರೆದಿದ್ದರೆ ತಿದ್ದಿಸಿ.

ಗುರುತೇನೂ ಇಲ್ಲದಿದ್ದರೆ ಪರೀಕ್ಷೆ ಮಾಡಿಸಬೇಕು. ಊರಲ್ಲೇ ಆಗುವುದು ಒರೆಗಲ್ಲು. ನುರಿತ ಕೈ ಆದರೆ 22ಕ್ಕೂ 18ಕ್ಕೂ ವ್ಯತ್ಯಾಸ ತಕ್ಷಣ ಹೇಳುತ್ತದೆ. ಆದರೆ ವಿಮಾ ಕಂಪನಿಗೆ ಬೇಕಾಗುವುದು ಅಂಕಿ.

ಹರಳಿಲ್ಲದ ಗಟ್ಟಿ ಉಂಗುರಕ್ಕೆ ಇನ್ನೊಂದು ಒಳ್ಳೆಯ ದಾರಿ ಇದೆ, ನಿಮ್ಮ ಕಣ್ಣೆದುರೇ ಆಗುವಂಥದ್ದು. ಗ್ರಾಂನ ಸಾವಿರದ ಒಂದು ಭಾಗ ತೋರಿಸುವ ತಕ್ಕಡಿಯಲ್ಲಿ ಉಂಗುರ ತೂಗುತ್ತಾರೆ. 8.000 ಬಂತು ಅನ್ನಿ. ಆಮೇಲೆ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆಗೆ ತರುತ್ತಾರೆ. ಉಂಗುರವನ್ನು ತೆಳು ನೂಲಿಗೆ ಕಟ್ಟಿ, ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗದಂತೆ ನೀರಲ್ಲಿ ಇಳಿಬಿಡುತ್ತಾರೆ. ಅಂಟಿಕೊಂಡ ಗಾಳಿಗುಳ್ಳೆ ಬಿಡಲಿ ಅಂತ ನೂಲನ್ನು ಒಮ್ಮೆ ಅಲುಗಿಸುತ್ತಾರೆ. ಈಗ ತಕ್ಕಡಿ 0.450ರ ಆಸುಪಾಸು ತೋರಿಸಿದರೆ, 8ನ್ನು ಅದರಿಂದ ಭಾಗಿಸಿ: 17.8. ಅದು 22 ಕ್ಯಾರೆಟ್‌ನ ಸಾಂದ್ರತೆ. ಅಪ್ಪಟ ಚಿನ್ನಕ್ಕೆ 19.3. ಅದೇ 8 ಗ್ರಾಂಗೆ 0.520ರ ಹತ್ತಿರ ತೋರಿಸಿದರೆ 18 ಕ್ಯಾರೆಟ್ ಕಡೆಗಿದೆ ಅಂತ ಲೆಕ್ಕ. ಉಂಗುರಕ್ಕೆ ಒಂದು ಗೀರೂ ಬೀಳುವುದಿಲ್ಲ. ಹರಳಿರುವುದಕ್ಕೆ, ಒಳಗೆ ಟೊಳ್ಳಿರುವುದಕ್ಕೆ, ಅರಗು ತುಂಬಿದ್ದಕ್ಕೆ ಇದು ನಡೆಯುವುದಿಲ್ಲ. ಜೋಮಾಲೆಯ ಗುಂಡನ್ನು ಹೀಗೆ ತೂಗಿ ಚಿನ್ನ ಕಡಿಮೆ ಅಂದರೆ ನಂಬಬೇಡಿ, ಅದರ ಒಳಗಿರುವುದು ಅರಗು.

ಲಿಖಿತ ವರದಿ ಬೇಕಾದರೆ ಬಿಐಎಸ್ ಮಾನ್ಯತೆ ಇರುವ ಪರೀಕ್ಷಾ ಮತ್ತು ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ಹೋಗಬೇಕು. ಪಟ್ಟಿ ಬಿಐಎಸ್ ವೆಬ್‌ಸೈಟಿನಲ್ಲಿದೆ. ಮೈಸೂರಿಗೋ ಮಂಗಳೂರಿಗೋ ಬೇರೆ ಕೆಲಸಕ್ಕೆ ಹೋಗುವಾಗ ಜೊತೆಗೆ ಒಯ್ದರೆ ಸಾಕು. ಗ್ರಾಹಕರು ಹಳೆಯ ಒಡವೆಯನ್ನು ನೇರವಾಗಿ ಕೊಟ್ಟು ಪರೀಕ್ಷೆ ಮಾಡಿಸಬಹುದು. ನಾಲ್ಕು ಒಡವೆಯವರೆಗೆ ಶುಲ್ಕ 200 ರೂಪಾಯಿ, ತೆರಿಗೆ ಬೇರೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಗಟ್ಟಿಯಾದ ಕಾಗದ ಬೇರೆ ಸಿಗುವುದಿಲ್ಲ. ಆದರೂ ಇದನ್ನು ಉಪಯೋಗಿಸುವವರು ಕಡಿಮೆ ಅನ್ನುವುದು ನನಗೆ ಬೇಸರದ ವಿಷಯ.

ಅಲ್ಲಿ ಸಾಮಾನ್ಯವಾಗಿ ಎಕ್ಸ್-ರೇ ಬಿಟ್ಟು ಲೋಹ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ನೋಡುತ್ತಾರೆ. ಅದಕ್ಕೆ ಉಂಗುರ ಕೆರೆಯಬೇಕಾಗಿಲ್ಲ. ಆದರೆ ಅದು ನೋಡುವುದು ಮೇಲಿನ ತೆಳು ಪದರವನ್ನು ಮಾತ್ರ. ಮೇಲೆ ಚಿನ್ನದ ನೀರು ಕೊಡಿಸಿದ್ದರೆ ಜಾಸ್ತಿ ತೋರಿಸಬಹುದು. ಬೆಸುಗೆಯ ಮೇಲೆಯೇ ಹಿಡಿದರೆ ಕಡಿಮೆ ತೋರಿಸುತ್ತದೆ, ಯಾಕೆಂದರೆ ಬೆಸುಗೆ ಬೇಗ ಕರಗಲಿ ಅಂತ ಅದರಲ್ಲಿ ಬೇರೆ ಲೋಹ ಜಾಸ್ತಿ ಹಾಕಿರುತ್ತಾರೆ. ಕೈಕೆಲಸದ ಉಂಗುರದಲ್ಲಿ ಬೆಸುಗೆಗಳು ಹಲವು. ಹಾಗಾಗಿ ಮೂರು ನಾಲ್ಕು ಕಡೆ, ಒಳಸುತ್ತಿನಲ್ಲೂ ಸೇರಿ, ನೋಡಲು ಹೇಳಿ. ಎಲ್ಲ ಅಂಕಿಗಳನ್ನೂ ಬರೆಸಿಕೊಳ್ಳಿ.

ಹಳೆಯ ಉಂಗುರಕ್ಕೆ ಈಗ ಹಾಲ್‌ಮಾರ್ಕ್ ಹಾಕಿಸಬಹುದಾ ಅಂತ ಕೇಳುತ್ತಾರೆ. ಬಿಐಎಸ್ ನೋಂದಣಿ ಇರುವ ಅಂಗಡಿಯ ಮೂಲಕ ಹಾಕಿಸಬಹುದು. ಆದರೆ ಕೆತ್ತನೆ ಇರುವ, ತಲೆಮಾರು ದಾಟಿ ಬಂದ ಉಂಗುರವಾದರೆ ನಾನು ಬೇಡ ಅನ್ನುತ್ತೇನೆ. ನಿಖರ ಪರೀಕ್ಷೆಗೆ ಚೂರು ಚಿನ್ನ ಕೆರೆದು ತೆಗೆಯಬೇಕಾಗಬಹುದು. ವಿಮೆಗೆ ಪರೀಕ್ಷೆಯ ವರದಿಯೇ ಸಾಕಾದಾಗ ಅದನ್ನು ಯಾಕೆ ಮುಟ್ಟಬೇಕು?

ಹರಳು

ಹಳೆಯ ಉಂಗುರದ ಕೆಂಪು ಹರಳನ್ನು ಮಾಣಿಕ್ಯ ಅಂತಲೇ ಹೇಳಿಕೊಂಡು ಬಂದಿರುತ್ತಾರೆ. ಕೃತಕ ಮಾಣಿಕ್ಯ ಮಾಡುವ ವಿಧಾನ 1902ರಲ್ಲೇ ಪ್ರಕಟವಾಗಿ, ಆಮೇಲೆ ಅಂಥ ಹರಳುಗಳು ದಕ್ಷಿಣ ಭಾರತದ ಒಡವೆಗಳಲ್ಲೂ ಧಾರಾಳವಾಗಿ ಸೇರಿದವು. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಒಳಗೆ ಬಾಗಿದ ಗೆರೆಗಳು, ದುಂಡನೆಯ ಗುಳ್ಳೆಗಳು ಕಂಡರೆ ಅದು ಕೃತಕ. ಅಜ್ಜಿಯ ಕಾಲದ್ದು ಅಂದ ಮಾತ್ರಕ್ಕೆ ಹರಳು ಅಸಲಿ ಆಗಬೇಕಿಲ್ಲ. ಅಸಲಿ ಅಂತ ಬರೆಸಿ ಆಮೇಲೆ ಕ್ಲೈಮ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ಬದಲು ಇದ್ದದ್ದನ್ನು ಇದ್ದ ಹಾಗೆ ಬರೆಸಿ. ತೂಕ ನೋಡಲು ಹರಳು ಕೀಳಿಸಬೇಡಿ. ಉದ್ದ, ಅಗಲ, ಎತ್ತರ ಅಳೆದು ಅಂದಾಜು ತೂಕ ಹೇಳುವ ಲೆಕ್ಕ ಮೌಲ್ಯಮಾಪಕರಿಗೆ ಗೊತ್ತಿರುತ್ತದೆ.

ಯಾರ ಹತ್ತಿರ ಬರೆಸಬೇಕು?

ನನ್ನ ಸಲಹೆ ಇಬ್ಬರ ಹತ್ತಿರ. ಮೊದಲು ಅಕ್ಕಸಾಲಿಗರು. ಮಾಡಿದವರೇ ಇದ್ದರೆ ಅವರು, ಇಲ್ಲದಿದ್ದರೆ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಈ ರೀತಿಯ ಕೆಲಸ ಗೊತ್ತಿರುವ ಇನ್ನೊಬ್ಬರು. ಅವರ ಹತ್ತಿರ 'ಬೆಲೆ ಎಷ್ಟು' ಅಂತ ಕೇಳಬೇಡಿ. ಹಾಗೆ ಕೇಳಿದರೆ ಮಾರಲು ಬಂದಿದ್ದಾರೆ ಅಂದುಕೊಂಡು ಹಳೇ ಚಿನ್ನದ ರೇಟು ಹೇಳುತ್ತಾರೆ. ಹೀಗೆ ಕೇಳಿ:

"ಆಚಾರ್ರೇ, ಇದು ಕಳೆದೇ ಹೋಯ್ತು ಅಂತ ಇಟ್ಟುಕೊಳ್ಳಿ. ಇಂಥದ್ದೇ ಇನ್ನೊಂದು ಮಾಡಿಕೊಡೋದಾದ್ರೆ ಎಷ್ಟು ಚಿನ್ನ ಬೇಕು, ಮಜೂರಿ ಏನಾಗ್ತದೆ?"

"ಈ ಸುತ್ತಿನ ಕೆಲಸ ಈಗ ಯಾರು ಮಾಡ್ತಾರೆ ಅಕ್ಕ, ಅಚ್ಚಿನಲ್ಲಿ ಎರಕ ಹೊಯ್ದರೆ ಬೇಗ ಆಗ್ತದೆ."

"ಬೇಡ, ಕೈಯಲ್ಲೇ ಮಾಡೋದಾದ್ರೆ ಎಷ್ಟು ದಿನ, ಎಷ್ಟು ಮಜೂರಿ, ಅದನ್ನೇ ಬರೆದುಕೊಡಿ."

ಆ ಕೊನೆಯ ಮಾತು ಬಿಡಬೇಡಿ. ಎರಕದ ಉಂಗುರಕ್ಕೂ ಕೈಕೆಲಸಕ್ಕೂ ಮಜೂರಿಯಲ್ಲಿ ತುಂಬಾ ವ್ಯತ್ಯಾಸವಿದೆ. ಕಾಗದದಲ್ಲಿ 'ಕೈಯಲ್ಲಿ ಮಾಡಿದ್ದು' ಅಂತ ಇಲ್ಲದಿದ್ದರೆ ನಷ್ಟ ಲೆಕ್ಕ ಹಾಕುವ ವಿಮಾ ಸರ್ವೇಯರ್ ಅಂಗಡಿಯ ಎರಕದ ಉಂಗುರದ ಮಜೂರಿಯನ್ನೇ ಲೆಕ್ಕ ಹಾಕುತ್ತಾರೆ.

ಈ ಅಂದಾಜು, ಪರೀಕ್ಷೆಯ ವರದಿ ಎರಡನ್ನೂ ತೆಗೆದುಕೊಂಡು ನೋಂದಾಯಿತ ಮೌಲ್ಯಮಾಪಕರ ಹತ್ತಿರ ಹೋಗಿ. ಸಂಪತ್ತು ತೆರಿಗೆ ಕಾಯ್ದೆಯ 34ಎಬಿ ಸೆಕ್ಷನ್ ಅಡಿ ಆಭರಣಕ್ಕೆ ನೋಂದಣಿ ಪಡೆದವರನ್ನೇ ಜನ ಸರ್ಕಾರಿ ಅಪ್ರೂವ್ಡ್ ವ್ಯಾಲ್ಯುಯರ್ ಅನ್ನುವುದು. ಆ ತೆರಿಗೆ ಈಗಿಲ್ಲ, ನೋಂದಣಿ ಮುಂದುವರಿದಿದೆ. ನೋಂದಣಿ ಸಂಖ್ಯೆ ಕೇಳಿ, ಅದು ಆಭರಣದ್ದೇ ಅಂತ ನೋಡಿ. ಕಟ್ಟಡಕ್ಕೆ, ಕಾಫಿ ತೋಟಕ್ಕೆ ಬೆಲೆ ಕಟ್ಟುವವರ ನೋಂದಣಿ ಬೇರೆ. ಫೀಸು ಎಷ್ಟು ಅಂತ ಮೊದಲೇ ಮಾತಾಡಿ. ಬೆಲೆ ಜಾಸ್ತಿ ಬರೆದಷ್ಟು ಫೀಸು ಜಾಸ್ತಿ ಅನ್ನುವವರಿಗಿಂತ ಇಷ್ಟು ಅಂತ ನಿಗದಿ ಹೇಳುವವರು ಮೇಲು. 'ಬೇಕಾದರೆ ನಾನೇ ಕೊಳ್ಳುತ್ತೇನೆ' ಅಂದವರ ಕೈಯಲ್ಲಿ ಬೆಲೆ ಬರೆಸಲೇಬೇಡಿ. ಉಂಗುರವನ್ನು ಬಿಟ್ಟುಬರಬೇಡಿ. ತೂಗುವುದು, ನೋಡುವುದು ಎಲ್ಲ ನಿಮ್ಮೆದುರೇ ಆಗಲಿ.

ಸರ್ಟಿಫಿಕೇಟ್‌ನಲ್ಲಿ ಏನಿರಬೇಕು?

ನಮ್ಮಲ್ಲಿ ಸಿಗುವ ಎಷ್ಟೋ ಸರ್ಟಿಫಿಕೇಟ್‌ಗಳು ಹೀಗಿರುತ್ತವೆ: "ಚಿನ್ನದ ಉಂಗುರ, ಹರಳು ಸಹಿತ, 1. ತೂಕ 8.2 ಗ್ರಾಂ. ಬೆಲೆ ರೂ. 80,000." ಇದನ್ನು ಓದಿ ಯಾವ ಅಕ್ಕಸಾಲಿಗನೂ ಏನೂ ಮಾಡಲಾರ. ಅದೇ ಉಂಗುರವನ್ನು ಹೀಗೆ ಬರೆಯಬಹುದು:

"ಹೆಂಗಸರ ಉಂಗುರ, ಹಳದಿ ಚಿನ್ನ, ಪೂರ್ತಿ ಕೈಯಲ್ಲಿ ಮಾಡಿದ್ದು. ಒಳಸುತ್ತಿನ ಅಡ್ಡಳತೆ 17 ಮಿ.ಮೀ. ಪಟ್ಟಿಯ ಅಗಲ ಹಿಂದೆ 3 ಮಿ.ಮೀ., ಮುಂದೆ 7 ಮಿ.ಮೀ. ಎರಡೂ ಭುಜಗಳ ಮೇಲೆ ಬಳ್ಳಿಯ ಕೆತ್ತನೆ, ಅಂಚಿನಲ್ಲಿ ಸಣ್ಣ ಗುಂಡುಗಳ ಸಾಲು, ಒಂದೊಂದೂ ಬಿಡಿಯಾಗಿ ಬೆಸೆದದ್ದು. ನಡುವೆ ಮೊಟ್ಟೆಯಾಕಾರದ ಕೆಂಪು ಹರಳು, ಕೃತಕ ಮಾಣಿಕ್ಯ, ಅಂದಾಜು 1 ಕ್ಯಾರೆಟ್, ಸುತ್ತ ಚಿನ್ನದ ಪಟ್ಟಿ ಮಡಚಿ ಕೂರಿಸಿದ್ದು. ಒಳಗೆ ಎರಡು ಅಕ್ಷರ ಕೆತ್ತಿದೆ. ಪಟ್ಟಿಯ ಹಿಂಭಾಗ ಸ್ವಲ್ಪ ಸವೆದಿದೆ. ಒಟ್ಟು ತೂಕ 8.200 ಗ್ರಾಂ, ಚಿನ್ನದ ನಿವ್ವಳ ತೂಕ 8.000 ಗ್ರಾಂ. ಶುದ್ಧತೆ 916, ಎಕ್ಸ್‌ಆರ್‌ಎಫ್‌ನಲ್ಲಿ ನಾಲ್ಕು ಕಡೆ ನೋಡಿದ್ದು, ವರದಿ ಲಗತ್ತಿಸಿದೆ."

ಇದರ ಕೆಳಗೆ ಆ ದಿನದ ಚಿನ್ನದ ರೇಟು, ಅದನ್ನು ಎಲ್ಲಿಂದ ತೆಗೆದುಕೊಂಡರು, ಮಜೂರಿ, ಹರಳಿನ ಬೆಲೆ, ತೆರಿಗೆ, ಒಟ್ಟು, ಇವೆಲ್ಲ ಬಿಡಿಬಿಡಿಯಾಗಿ ಇರಲಿ. ಬಿಡಿಯಾಗಿ ಯಾಕೆ ಅಂದರೆ ಮುಂದಿನ ವರ್ಷ ರೇಟು ಬದಲಾದಾಗ ಆ ಒಂದು ಸಾಲು ತಿದ್ದಿದರೆ ಸಾಕು. ಕಂಪನಿ ಮಜೂರಿ ಕೊಡುವುದಿಲ್ಲ ಅಂದರೂ ಯಾವುದನ್ನು ಕಳೆಯಬೇಕು ಅನ್ನುವುದು ಸ್ಪಷ್ಟವಾಗಿರುತ್ತದೆ. ಮೇಲ್ಗಡೆ ಉದ್ದೇಶ ಬರೆಸಿ: "ವಿಮೆಗಾಗಿ, ಹೊಸದಾಗಿ ಮಾಡಿಸುವ ಬೆಲೆ." ಫೋಟೋ ಮೇಲೆ ಮೌಲ್ಯಮಾಪಕರ ಸಹಿ, ಸೀಲು ಹಾಕಿಸಿ. ನಿಮ್ಮ ಹೆಸರು ಗುರುತಿನ ಚೀಟಿಯಲ್ಲಿರುವ ಹಾಗೇ ಇರಲಿ.

ಜೋಡಿ ಉಂಗುರವಾದರೆ ಎರಡಕ್ಕೂ ಬೇರೆಬೇರೆ ತೂಕ, ಬೇರೆಬೇರೆ ಬೆಲೆ ಬರೆಸಿ. ಜೋಡಿಯಲ್ಲಿ ಒಂದು ಕಳೆದರೆ ಕಂಪನಿಗಳು ಆ ಒಂದರ ಪಾಲನ್ನು ಮಾತ್ರ ಕೊಡುತ್ತವೆ. ಒಡವೆಯ ಮೇಲಿನ ಮಮತೆಗೆ, ಹಳೆಯದು ಅನ್ನುವ ಹೆಮ್ಮೆಗೆ ವಿಮೆಯಲ್ಲಿ ದುಡ್ಡಿಲ್ಲ. ಹಳೆಯ ಕಾಲದ್ದು ಅನ್ನುವ ಕಾರಣಕ್ಕೇ ನಿಜವಾಗಿಯೂ ಜಾಸ್ತಿ ಬೆಲೆ ಇದ್ದರೆ ಅದನ್ನು ಪಾಲಿಸಿ ತೆಗೆದುಕೊಳ್ಳುವಾಗಲೇ ಬರೆಸಿ ಒಪ್ಪಿಸಿರಬೇಕು.

ಲಾಕರ್‌ನಲ್ಲಿದ್ದರೆ ವಿಮೆ ಬೇಕಾ?

ಬೇಕು. ರಿಸರ್ವ್ ಬ್ಯಾಂಕಿನ ಈಗಿನ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಬೆಂಕಿ, ಕಳ್ಳತನ, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರ್‌ನ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ. ಬಾಡಿಗೆ 2,000 ಅಂದರೆ 2 ಲಕ್ಷ. ಒಳಗೆ ಎಷ್ಟೇ ಇರಲಿ. ಭೂಕಂಪ, ಪ್ರವಾಹ, ಸಿಡಿಲಿನಂಥ ಪ್ರಕೃತಿ ವಿಕೋಪದ ನಷ್ಟಕ್ಕೆ ಅದೂ ಇಲ್ಲ. ನಮ್ಮ ಮಳೆಗೆ ಇದನ್ನು ಮರೆತು ಕೂರುವ ಹಾಗಿಲ್ಲ. ಲಾಕರ್‌ನಲ್ಲಿರುವ ವಸ್ತುಗಳಿಗೆ ಬ್ಯಾಂಕುಗಳು ತಾವೇ ವಿಮೆ ಮಾರುವಂತೆಯೂ ಇಲ್ಲ. ಹಾಗಾಗಿ ನೀವೇ ಬೇರೆ ಕಡೆ ಮಾಡಿಸಬೇಕು.

ಆಮೇಲೆ

2019ರಲ್ಲಿ 10 ಗ್ರಾಂ ಅಪ್ಪಟ ಚಿನ್ನ 35 ಸಾವಿರದ ಆಸುಪಾಸಿನಲ್ಲಿತ್ತು. 2025ರ ಏಪ್ರಿಲ್‌ನಲ್ಲಿ 1 ಲಕ್ಷ ದಾಟಿತು. 2019ರ ಸರ್ಟಿಫಿಕೇಟ್ ಇಟ್ಟುಕೊಂಡೇ ಪಾಲಿಸಿ ನವೀಕರಿಸುತ್ತಿರುವವರ ವಿಮೆ ಈಗ ಮೂರರಲ್ಲಿ ಒಂದು ಭಾಗಕ್ಕೂ ಸಾಲದು. ಪ್ರತಿ ನವೀಕರಣಕ್ಕೂ ಮೊದಲು ಆ ದಿನದ ರೇಟು ಹಾಕಿ ಮೊತ್ತ ತಿದ್ದಿಸಿ. ಉಂಗುರ ಬದಲಾಗದಿದ್ದರೆ ಶುದ್ಧತೆಯ ಪರೀಕ್ಷೆ ಮತ್ತೆ ಬೇಡ. ಬೆರಳಿಗೆ ಬಿಗಿ ಅಂತ ದೊಡ್ಡದು ಮಾಡಿಸಿದರೆ, ಹರಳು ಬದಲಿಸಿದರೆ ಮಾತ್ರ ತೂಕ, ಅಳತೆ ಹೊಸದಾಗಿ ಬರೆಸಬೇಕು.

ಮೂಲ ಸರ್ಟಿಫಿಕೇಟನ್ನು ಉಂಗುರ ಇರುವ ಬೀರುವಿನಲ್ಲೇ ಇಡಬೇಡಿ. ಕಳ್ಳರು ಪೆಟ್ಟಿಗೆ ಸಮೇತ ಒಯ್ಯುತ್ತಾರೆ, ಬೆಂಕಿಗೂ ನೀರಿಗೂ ಎರಡೂ ಒಟ್ಟಿಗೆ ಹೋಗುತ್ತವೆ. ಸ್ಕ್ಯಾನ್ ಮಾಡಿ ನಿಮ್ಮ ಈಮೇಲಿಗೇ ಕಳಿಸಿಕೊಳ್ಳಿ. ಬೇರೆ ಊರಿನಲ್ಲಿರುವ ಮಗಳಿಗೋ ಅಣ್ಣನಿಗೋ ಒಂದು ಪ್ರತಿ ಕೊಡಿ.

ಉಂಗುರ ಕಳುವಾದರೆ ಅದೇ ದಿನ ಪೊಲೀಸ್ ಠಾಣೆಗೆ ದೂರು ಕೊಟ್ಟು ಎಫ್‌ಐಆರ್ ಪ್ರತಿ ತೆಗೆದುಕೊಳ್ಳಿ. ವಿಮಾ ಕಂಪನಿಗೂ ಅದೇ ದಿನ ಈಮೇಲ್ ಹಾಕಿ. ದೂರಿನಲ್ಲಿ "ಚಿನ್ನದ ಉಂಗುರ ಒಂದು" ಅಂತ ಬರೆಯಬೇಡಿ. ಸರ್ಟಿಫಿಕೇಟ್‌ನಲ್ಲಿರುವ ವಿವರಣೆಯನ್ನೇ ಪದ ಬಿಡದೆ ಬರೆಸಿ, ಫೋಟೋ ಲಗತ್ತಿಸಿ. ಎರಡು ಕಾಗದದಲ್ಲೂ ಒಂದೇ ವಿವರಣೆ ಇದ್ದರೆ ಸರ್ವೇಯರ್ ಕೇಳುವ ಅರ್ಧ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಸಿಗುತ್ತದೆ. ಕದ್ದ ಉಂಗುರ ಯಾವುದಾದರೂ ಅಂಗಡಿಗೆ ಮಾರಾಟಕ್ಕೆ ಬಂದರೆ ಗುರುತು ಹಿಡಿಯಲು ಪೊಲೀಸರಿಗೂ ಅದೇ ಬೇಕು.